ಅವ್ವ ಕುಟ್ಟಿ ಮಾಡಿದ ಹೃದಯ

ಹೋದ ವಾರ ನೆನೆಸಿದ ಹಳೆ ಪೇಪರಿಗೆ ಮೆಂತ್ಯ ಸೇರಿಸಿ ರುಬ್ಬುತ್ತಿದ್ದಾಗ, ಆ ಕಹಿ ವಾಸನೆ ನನ್ನನ್ನು ಸೀದಾ ಮಣ್ಣೂರಿನ ನಮ್ಮ ಅಡುಗೆಮನೆಗೆ ಒಯ್ದಿತು.

ಅವ್ವ ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಊರಿನ ಹೆಂಗಸರು ಇಂಥದೇ ಮುದ್ದೆಯಿಂದ ಬುಟ್ಟಿ ಮಾಡುತ್ತಿದ್ದರು. ಅವ್ವ ಪಾಠಕ್ಕೆಂದು ಅದರಿಂದಲೇ ಕೊಡದಷ್ಟು ದೊಡ್ಡ ಹೃದಯದ ಮಾದರಿ ಮಾಡಿದಳು. ಒರಳಿನಲ್ಲಿ ಕುಟ್ಟುವುದು ಅವಳ ಕೆಲಸ, ಪುಸ್ತಕದ ಚಿತ್ರ ಹಿಡಿದು ನಿಲ್ಲುವುದು ನನ್ನದು. ಕದದಂತೆ ತೆರೆದರೆ ಒಳಗೆ ನಾಲ್ಕು ಕೋಣೆ; ಎರಡು ಕೆಂಪು, ಎರಡು ನೀಲಿ.

ಅಫಜಲಪುರದ ವಿಜ್ಞಾನ ಪ್ರದರ್ಶನದಲ್ಲಿ ಪರೀಕ್ಷಕರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಪ್ಯಾಟ್ಯಾಗ ಖರೀದಿ ಮಾಡಿದ್ದು ಇಲ್ಲಿ ನಡೆಂಗಿಲ್ರಿ, ಬಾಯಾರ."

ನನಗೆ ಅಳುವೇ ಬಂತು. ಅವ್ವ ಮಾತ್ರ ತುರುಬಿನ ಪಿನ್ನು ತೆಗೆದು ಹೃದಯದ ತಳದ ಬಣ್ಣ ಕೆರೆದಳು. ಒಳಗಿನ ಬೂದು ಕಾಗದ ಕಂಡಿತು.

"ಖರೀದಿ ಅಲ್ರಿ ಸಾಹೇಬ್ರ, ಮನ್ಯಾಗ ಕುಟ್ಟೇನಿ. ಮೂಸಿ ನೋಡ್ರಿ ಬೇಕಾದ್ರ, ಇನ್ನೂ ಮೆಂತೆ ವಾಸನಿ ಬರ್ತದ."

ಅವರು ನಿಜವಾಗಿಯೂ ಬಗ್ಗಿ ಮೂಸಿದರು. ನಕ್ಕರು. ಮೊದಲ ಬಹುಮಾನ ನಮಗೇ ಬಂತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ "ನಮ್ಮವ್ವ ಮಾಡ್ಯಾಳ" ಎಂದು ಹೇಳುತ್ತಲೇ ಊರಿಗೆ ಬಂದೆ.

ಅವ್ವ ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂದಾಗ ಒಂದು ಕೋಣೆ ಬಿರುಕು ಬಿಟ್ಟಿತ್ತು, ಅಂಚನ್ನು ಇಲಿ ಕಡಿದಿತ್ತು. ಈಗ ಮುದ್ದೆ ಮೆತ್ತಿ, ಒಣಗಿಸಿ, ಬಣ್ಣ ಹಚ್ಚಿದ್ದೇನೆ. ನಾಳೆ ನಾನು ಕಲಿಸುವ ಜೇವರ್ಗಿಯ ಶಾಲೆಗೆ ಒಯ್ಯುತ್ತೇನೆ. ಅದಕ್ಕೂ ಮುಂಚೆ, ಅವಳು ಎಂದೂ ಬರೆಯದೆ ಬಿಟ್ಟಿದ್ದ ಸಾಲನ್ನು ಪೀಠದ ಮೇಲೆ ದೊಡ್ಡಕ್ಷರದಲ್ಲಿ ಬರೆದೆ: 'ಮಾಡಿದವರು: ಶಾಂತಾಬಾಯಿ, ಶಿಕ್ಷಕಿ, ಮಣ್ಣೂರ.'