ನನಗಿಂತ ಒಂದು ದಿನ ಮೊದಲು ಹೊರಟ ಪಾಸ್‌ಪೋರ್ಟು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹಲಸೂರಿನ ನಮ್ಮ ಮನೆಯಿಂದ ದುಬೈಗೆ ಹೊರಟೆ. ಅಲ್ಲಿ ಒಂದು ರಾತ್ರಿ ಮಲಗಿ, ಎದ್ದು ವಾಪಸ್ ಬರುವುದಷ್ಟೇ ಕೆಲಸ. ಅದಕ್ಕಾಗಿ ಇಪ್ಪತ್ತೆಂಟು ಸಾವಿರ ಕೊಟ್ಟು ಟಿಕೆಟ್ ತೆಗೆಸಿದ್ದೆ.

ನಾನು ವಿಮಾನ ನಿಲ್ದಾಣಗಳಲ್ಲಿ ಲಗೇಜು ಬರುವ ಬೆಲ್ಟುಗಳನ್ನು ರಿಪೇರಿ ಮಾಡುವವನು. ಕಂಪನಿ ಇರುವುದು ದುಬೈಯಲ್ಲಿ, ಬೆಲ್ಟುಗಳು ಕೆಡುವುದು ಮಾತ್ರ ಕೊಲಂಬೊ, ಢಾಕಾ, ಕಠ್ಮಂಡುಗಳಲ್ಲಿ. ದುಬೈಯಲ್ಲಿ ವಾಸಕ್ಕೆ ನನಗೆ ಕೊಟ್ಟಿರುವ ಪರವಾನಗಿಗೆ ಒಂದು ಷರತ್ತಿದೆ. ಒಂದೇ ಸಮನೆ ನೂರೆಂಬತ್ತು ದಿನ ಮೀರಿ ಹೊರಗಿದ್ದರೆ ಅದು ರದ್ದು. ನಡುವೆ ಒಂದು ದಿನ ಹೋಗಿಬಂದರೂ ಸಾಕು, ಎಣಿಕೆ ಮತ್ತೆ ಮೊದಲಿನಿಂದ ಶುರು. ಅಲ್ಲಿನ ಕಂಪನಿಯ ಕೆಲಸಕ್ಕೇ ಹೊರಗಿದ್ದೆ ಅಂದರೂ ಕೇಳುವವರಿಲ್ಲ. ಪರವಾನಗಿ ಹೋದರೆ ನೌಕರಿಯೂ ಹೋದಂತೆ. ಢಾಕಾದ ಬೆಲ್ಟು ಒಂದು ವಾರ ಹೆಚ್ಚಿಗೆ ಸತಾಯಿಸಿದ್ದರಿಂದ ಆ ಮಂಗಳವಾರವೇ ನೂರೆಂಬತ್ತನೆಯ ದಿನವಾಗಿಬಿಟ್ಟಿತ್ತು. ಮಧ್ಯಾಹ್ನ ಮೂರೂವರೆಯ ವಿಮಾನ ಹತ್ತಿದರೆ ಉಳಿದೆ, ತಪ್ಪಿದರೆ ಕೆಟ್ಟೆ.

ಮನೆಯ ಗೇಟಿನಲ್ಲಿ ನಿಂತು ಅಭ್ಯಾಸದಂತೆ ಬ್ಯಾಗಿನ ಜೇಬು ತಡವಿದೆ. ಪಾಸ್‌ಪೋರ್ಟು ಇರಲಿಲ್ಲ. ಬೀರು ತೆಗೆದೆ, ಹಾಸಿಗೆ ಎತ್ತಿದೆ. ನನ್ನ ಹೆಂಡತಿ ಪದ್ಮ ಅಡುಗೆಮನೆಯಿಂದಲೇ ಅದು ನಿನ್ನೆಯೇ ಹೋಯಿತಲ್ಲ ಅಂದಳು.

ಮಂಗಳವಾರ ನಮ್ಮಲ್ಲಿ ಪ್ರಯಾಣ ಹೊರಡುವುದಿಲ್ಲ. ಹೊರಡಲೇಬೇಕಾದರೆ ಹಿಂದಿನ ದಿನ ಒಳ್ಳೆಯ ಗಳಿಗೆ ನೋಡಿ ನಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಅಂದೇ ಹೊರಟ ಲೆಕ್ಕ. ಇದಕ್ಕೆ ಪರಸ್ಥಾನ ಎನ್ನುತ್ತಾರೆ. ಆ ಗಂಟನ್ನು ಮತ್ತೆ ಮನೆಗೆ ತರಬಾರದು, ಹೋಗುವ ದಾರಿಯಲ್ಲಿ ಎತ್ತಿಕೊಳ್ಳಬೇಕು. ಇಷ್ಟು ವರ್ಷ ಒಂದು ಟವೆಲ್ ಕಟ್ಟಿ ಕಳಿಸುತ್ತಿದ್ದವಳು ಈ ಸಲ, ನಾನು ಕ್ಷೌರಕ್ಕೆ ಹೋಗಿದ್ದಾಗ, ಪಾಸ್‌ಪೋರ್ಟನ್ನೂ ಸೇರಿಸಿ ಲಿಂಗರಾಜಪುರದ ನನ್ನ ಚಿಕ್ಕಮ್ಮನ ಮನೆಗೆ ಮುಟ್ಟಿಸಿದ್ದಳು.

"ಟವೆಲ್ ಹೋದ್ರೆ ಟವೆಲ್ ಹೊರಟಂಗೆ ರೀ. ನೀವು ಹೊರಟಂಗೆ ಆಗ್ಬೇಕಂದ್ರೆ ನಿಮ್ಮ ಫೋಟೋ ಇರೋದು ಹೋಗ್ಬೇಕಲ್ವಾ?"

ಆಟೋ ಹಿಡಿದೆ. ನೂರಾ ಐವತ್ತು ರೂಪಾಯಿ ಕೊಟ್ಟು ಲಿಂಗರಾಜಪುರದಲ್ಲಿ ಇಳಿದರೆ ಚಿಕ್ಕಮ್ಮನ ಮನೆಗೆ ಬೀಗ. ಫೋನ್ ಮಾಡಿದೆ. ಬೀಗ ಹಾಕಿದ ಬಾಗಿಲ ಒಳಗೇ ರಿಂಗಾಯಿತು. ಮಹಡಿಯ ಬಾಡಿಗೆ ಕೋಣೆಯಲ್ಲಿರುವ ಕಲಬುರಗಿ ಕಡೆಯ ಹೆಂಗಸು ಬಟ್ಟೆ ಒಣಹಾಕುತ್ತಾ ಕೆಳಗೆ ಬಗ್ಗಿ ನೋಡಿದರು.

"ಕೆ.ಆರ್. ಪುರಕ್ಕ ಮಗಳ ಮನಿಗಿ ಹೋಗ್ಯಾರ್ರೀ. ಕೀಲಿ ಹಾಕಿದ ಮನ್ಯಾಗ ಪರಸ್ಥಾನ ಇಡಬಾರದಂತ, ನಿಮ್ಮ ಚೀಲಾನೂ ಒಯ್ದಾರ."

ನಾನು ಮೆಟ್ಟಿಲ ಮೇಲೆ ಕುಳಿತದ್ದು ಕಂಡು ಆಕೆ ಇಳಿದು ಬಂದು ನೀರು ಕೊಟ್ಟರು. ಒಂದು ರಾತ್ರಿಗಾಗಿ ದುಬೈಗೆ ಹೋಗುವ ಸಂಗತಿಯನ್ನು ಹೇಳಿಕೊಂಡೆ. ನಗುತ್ತಾರೆ ಅಂದುಕೊಂಡಿದ್ದೆ. ಆಕೆ ನಗಲಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಉಳಿಯಲೆಂದು ತಾವೂ ಗಂಡಹೆಂಡತಿ ರಾತ್ರಿಯಿಡೀ ರೈಲಿನಲ್ಲಿ ಊರಿಗೆ ಹೋಗಿ, ಹೆಬ್ಬೆಟ್ಟು ಒತ್ತಿ, ಮರುದಿನವೇ ಕೆಲಸಕ್ಕೆ ಹಾಜರಾಗುತ್ತೇವೆ ಎಂದರು. ಆ ಮಾತಿನಿಂದ ನನಗೆ ನೀರಿಗಿಂತ ಹೆಚ್ಚು ಸಮಾಧಾನವಾಯಿತು.

ಬೈಯಪ್ಪನಹಳ್ಳಿಯವರೆಗೆ ಇನ್ನೊಂದು ಆಟೋ, ಅಲ್ಲಿಂದ ಇಪ್ಪತ್ತು ಚಿಲ್ಲರೆ ರೂಪಾಯಿಗೆ ಮೆಟ್ರೋ. ಕೆ.ಆರ್. ಪುರದಲ್ಲಿ ಇಳಿದು ಬಿಸಿಲಲ್ಲಿ ಓಡುತ್ತಾ ಹೋದಾಗ ಹನ್ನೊಂದೂಕಾಲು. ಚಿಕ್ಕಮ್ಮ ಮಗಳ ಮನೆಯ ಜಗುಲಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪ್ರಯಾಣದವನು ಬರಿಹೊಟ್ಟೆಯಲ್ಲಿ ಹೋಗಬಾರದೆಂದು ಒಂದು ತಟ್ಟೆ ಚಿತ್ರಾನ್ನ ಮುಂದಿಟ್ಟರು. ಬೇಡವೆಂದರೆ ಚೀಲ ಕೈಗೆ ಬರುವ ಲಕ್ಷಣ ಕಾಣಲಿಲ್ಲ, ತಿಂದೆ. ವಿಮಾನ ಎಷ್ಟು ಗಂಟೆಗೆಂದು ಕೇಳಿದರು. ಹೇಳಬಾರದಿತ್ತು, ಹೇಳಿಬಿಟ್ಟೆ.

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಚಿಕ್ಕಮ್ಮ ಚೀಲವನ್ನು ಇನ್ನಷ್ಟು ಅಪ್ಪಿಕೊಂಡು ಯೋಚಿಸಿದರು. ಹದಿನಾಲ್ಕು ವರ್ಷದ ನೌಕರಿ ಒಂದು ಮುದುಕಿಯ ತೊಡೆಯ ಮೇಲೆ ನಿಂತಿತ್ತು. ನನಗೆ ನಿಜವಾಗಿಯೂ ಭಯವಾಯಿತು.

"ನೀನು ಹೊರಟಿದ್ದು ನಿನ್ನೆ ಕಣೋ," ಎಂದು ಕೊನೆಗೆ ತೀರ್ಪು ಕೊಟ್ಟರು. "ನಿಂಗ್ಯಾವ ರಾಹುಕಾಲ? ಹೋಗ್ಬಾ."

ಯಾವ ದೇಶದ ವಲಸೆ ಅಧಿಕಾರಿಯೂ ಕಾನೂನನ್ನು ನನ್ನ ಪರವಾಗಿ ಇಷ್ಟು ಉದಾರವಾಗಿ ಓದಿದ್ದಿಲ್ಲ. ಒಂಬೈನೂರು ರೂಪಾಯಿಯ ಕ್ಯಾಬು ಹಿಡಿದು, ಹೆಬ್ಬಾಳದಲ್ಲಿ ಅರ್ಧ ಗಂಟೆ ನಿಂತು, ಒಂದೂಕಾಲಿಗೆ ವಿಮಾನ ನಿಲ್ದಾಣ ಮುಟ್ಟಿದೆ.

ದುಬೈಯಲ್ಲಿ ಸಂಜೆ ನಲವತ್ತು ಡಿಗ್ರಿ. ಕೌಂಟರಿನ ಅಧಿಕಾರಿ ಕಂಪ್ಯೂಟರನ್ನು ದಿಟ್ಟಿಸಿ, ಕೊನೆಯ ದಿನ ಬಂದಿದ್ದೀಯಲ್ಲ ಎಂದ. ಢಾಕಾದ ಬೆಲ್ಟಿನ ಕಥೆ ಹೇಳಿದೆ. ಎಷ್ಟು ದಿನ ಇರುತ್ತೀಯ ಎಂದ. ನಾಳೆ ಹೊರಡುತ್ತೇನೆ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಬಿಟ್ಟ. ಕೇರಳದವರ ಹೋಟೆಲಿನಲ್ಲಿ ಪರೋಟ ತಿಂದು, ಕಂಪನಿಯ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿದೆ.

ಬುಧವಾರ ಸಂಜೆ ಮನೆ ಸೇರಿದಾಗ ಪದ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಇನ್ನು ನೂರೆಂಬತ್ತು ದಿನ ಚಿಂತೆಯಿಲ್ಲ ಎಂದು ಬೀಗಿದೆ. ಕಳೆದ ನೂರೆಂಬತ್ತರಲ್ಲಿ ಈ ಮನೆಯಲ್ಲಿ ಎಷ್ಟು ದಿನ ಇದ್ದಿರಿ ಎಂದು ಕೇಳಿದಳು. ಪಾಸ್‌ಪೋರ್ಟು ತೆಗೆದು ಮುದ್ರೆಗಳನ್ನು ನೋಡಿ ದಿನಗಳನ್ನು ಎಣಿಸಿದೆ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿಕೊಂಡರೂ ಹತ್ತೊಂಬತ್ತು. ನಾಚುತ್ತಲೇ ಹೇಳಿದೆ.

"ದುಬೈನವ್ರು ಒಂದು ರಾತ್ರಿಗೆ ಒಪ್ಕೊಂಡ್ರು, ನಾನು ಒಪ್ಪಲ್ಲ," ಎಂದಳು. "ಇನ್ಮೇಲೆ ಈ ಮನೇಲಿ ಆರು ತಿಂಗಳಿಗೆ ಅರವತ್ತು ದಿನ ಇರ್ಬೇಕು. ಕಮ್ಮಿ ಆದ್ರೆ ರದ್ದು."

ಕಂಪನಿಯ ಕೆಲಸಕ್ಕೆ ಹೋದ ದಿನಗಳಿಗೆ ವಿನಾಯಿತಿ ಇದೆಯೇ ಎಂದು ಕೇಳಿದೆ. ತಲೆಯೆತ್ತದೆ ಇಲ್ಲ ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಶುಕ್ರವಾರ ಕಠ್ಮಂಡುಗೆ ಹೋಗಬೇಕಿತ್ತು. ಕಂಪನಿಗೆ ಫೋನ್ ಮಾಡಿ, ನನ್ನ ವಾಸದ ಪರವಾನಗಿಗೆ ತೊಂದರೆಯಾಗಿದೆ, ಬೇರೆಯವರನ್ನು ಕಳಿಸಿ ಎಂದೆ. ನಿನ್ನೆ ತಾನೇ ಸರಿಹೋಯಿತಲ್ಲ ಎಂದು ಮ್ಯಾನೇಜರ್ ಗಾಬರಿಯಾದರು. ಅದು ದುಬೈಯದು ಸಾರ್, ಇದು ಹಲಸೂರಿನದು ಎಂದು ಹೇಳಿ, ಹುರುಳಿಕಾಯಿಯ ಮುಂದೆ ಕುಳಿತೆ.