ಬಿಸಿಲಿಗೆ ಹಿಡಿದು ನೋಡಿ ತಂದ ಟಿವಿ

ಹೊಸ ಟಿವಿಯ ಡಬ್ಬ ಬಿಚ್ಚಿದಾಗ ಬರುವ ವಾಸನೆಯೊಂದಿದೆ. ಥರ್ಮಾಕೋಲು, ಪ್ಲಾಸ್ಟಿಕ್ಕು, ಒಣ ರಟ್ಟು ಎಲ್ಲ ಸೇರಿದ ವಾಸನೆ. ಕಳೆದ ತಿಂಗಳು ಕೃಷ್ಣರಾಜನಗರದಲ್ಲಿ ನನ್ನ ತಮ್ಮನ ಮನೆಯ ಹಾಲಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಡಬ್ಬ ಬಿಚ್ಚುವುದನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದ ತಮ್ಮ, ಹಿಂದೆ ನಿಂತು ‘ಹುಷಾರು, ಹುಷಾರು’ ಎನ್ನುತ್ತಿದ್ದ ಅವನ ಹೆಂಡತಿ, ಇಬ್ಬರೂ ನನ್ನ ಕಣ್ಣಿಂದ ಮಾಯವಾದರು. ರಾವಂದೂರಿನ ನಮ್ಮ ತೊಟ್ಟಿಮನೆಯ ಪಡಸಾಲೆ ಎದುರಿಗೆ ಬಂತು. ಅಲ್ಲಿ ಹೀಗೇ ಒಂದು ಡಬ್ಬ ಬಿಚ್ಚಿದಾಗ ನನಗೆ ಎಂಟೋ ಒಂಬತ್ತೋ ವರ್ಷ. ಅವತ್ತು ಈ ಹೊಸ ವಾಸನೆಯ ಜೊತೆಗೆ ನಮ್ಮ ಮನೆಯ ಹಳೆಯ ವಾಸನೆಯೂ ಬೆರೆತಿತ್ತು. ಬೆಂದು ಒಣಗಿದ ಹೊಗೆಸೊಪ್ಪಿನ, ಬೆಲ್ಲದಂಥ ಸಿಹಿ ಘಾಟು ಅದು. ಕಂಬಳಿ, ಸ್ಕೂಲು ಚೀಲ, ಅವ್ವನ ಸೆರಗು, ಕೊನೆಗೆ ಅನ್ನಕ್ಕೂ ಹತ್ತಿಕೊಂಡಿರುತ್ತಿತ್ತು. ನೀವು ಪಿರಿಯಾಪಟ್ಟಣ, ಹುಣಸೂರಿನ ಕಡೆ ಬೆಳೆದವರಾದರೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಬೆಳೆದವರಲ್ಲದಿದ್ದರೆ ಎಷ್ಟು ವಿವರಿಸಿದರೂ ನಿಮ್ಮ ಮೂಗಿಗೆ ಅದು ಬರುವುದಿಲ್ಲ.

ನಮ್ಮ ತಾತನ ಕಣ್ಣಿನ ಬಗ್ಗೆ ಮೊದಲು ಹೇಳಿಬಿಡಬೇಕು, ಯಾಕೆಂದರೆ ತಾತ ದಿನಕ್ಕೊಂದು ಸಲವಾದರೂ ಅದರ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೊಗೆಸೊಪ್ಪಿನ ಬಣ್ಣ ನೋಡುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ತನ್ನನ್ನು ಬಿಟ್ಟರೆ ಇಲ್ಲ ಎಂಬುದು ಅವನ ನಂಬಿಕೆ. ಬ್ಯಾರನ್ನು ಎನ್ನುವ ಬೆಂಕಿಗೂಡಿನಲ್ಲಿ ಬೇಯಿಸಿ ಇಳಿಸಿದ ಎಲೆಯನ್ನು ಅವನು ಒಳಗೆ ಯಾವತ್ತೂ ನೋಡುತ್ತಿರಲಿಲ್ಲ. ಅಂಗಳಕ್ಕೆ ತಂದು, ಹಗಲ ಬೆಳಕಿಗೆ ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ನಿಂಬೆಹಣ್ಣಿನ ಬಣ್ಣ ಬಂದಿದ್ದರೆ ಬಲಗಡೆಯ ರಾಶಿಗೆ, ಕಂದಾಗಿದ್ದರೆ ಎಡಗಡೆಗೆ. ಬೇರೆ ಮಾತೇ ಇಲ್ಲ. ಸೊಪ್ಪಿನ ವಿಷಯದಲ್ಲಿ ಅವನು ತಪ್ಪುತ್ತಿರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಗಂಡಸು ಅದೇ ಒಂದು ಕಣ್ಣು ಕಿರಿದು ಮಾಡಿಕೊಂಡು ಹೋರಿ, ಸೊಸೆ, ಪಂಚಾಯ್ತಿ ಮೆಂಬರು, ಔಷಧಿ ಎಲ್ಲವನ್ನೂ ಆರಿಸುತ್ತಿದ್ದ. ಹಳದಿಯಾದ್ದೆಲ್ಲ ಒಳ್ಳೆಯದು ಎಂದು ತಿಳಿದು, ಅರಿಶಿನ ಕಾಮಾಲೆಯಾದ ನೆಂಟನೊಬ್ಬನನ್ನು ‘ಬಣ್ಣ ಬಂದವ್ನೆ’ ಎಂದು ಹೊಗಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಆ ಮನೆಯಲ್ಲಿ ಇಬ್ಬರು ಸೊಸೆಯರು. ಒಬ್ಬಳು ದೊಡ್ಡಮ್ಮ, ಇನ್ನೊಬ್ಬಳು ನಮ್ಮವ್ವ. ಮಾವನ ಎದುರಿಗೆ ಸೊಸೆಯರು ಕೂರುವಂತಿರಲಿಲ್ಲ. ಮಾವ ಪಡಸಾಲೆಯಲ್ಲಿದ್ದರೆ ಅತ್ತ ಸುಳಿಯುವಂತೆಯೂ ಇರಲಿಲ್ಲ. ತಾತನೋ, ಸೊಪ್ಪು ನೋಡುವಾಗ ಉಣ್ಣುವಾಗ ಮಲಗುವಾಗ ಬಿಟ್ಟರೆ ಪಡಸಾಲೆಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಇವರಿಬ್ಬರೂ ಅಡಿಗೆಮನೆಯ ಬಾಗಿಲಲ್ಲಿ ನಿಂತು, ನಡುವಿನ ತೊಟ್ಟಿಯಾಚೆಗೆ ಕಾಣುವಷ್ಟು ಪ್ರಪಂಚವನ್ನು ನೋಡಬೇಕಿತ್ತು. ಹಾಗಾಗಿ ಟಿವಿ ತರುವ ಮಾತು ಬಂದಾಗ ಅವ್ವನಿಗೆ ಇದ್ದದ್ದು ಒಂದೇ ಆಸೆ. ಅದನ್ನು ಮಾವನಿಗೆ ನೇರ ಹೇಳುವ ಹಾಗಿಲ್ಲವಾದ್ದರಿಂದ ಅಪ್ಪನಿಗೆ ಹೇಳಿದಳು. “ಯಾವ್ದಾದ್ರೂ ಆಗ್ಲಿ, ದೊಡ್ಡದು ತರಾಕೆ ಹೇಳ್ರೀ. ಬಾಗ್ಲಿಂದ ನಮ್ಗೂ ಕಾಣ್ಬೇಕು.” ದೊಡ್ಡಮ್ಮ ಹಿಂದಿನಿಂದ, “ಮರೀಬ್ಯಾಡ ಕಣಪ್ಪ, ದೊಡ್ಡದು” ಎಂದಳು. ಅಪ್ಪ ತಲೆಯಾಡಿಸಿದ. ನಮ್ಮಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ತಾತನ ಎದುರಿಗೆ ಹೋದರೆ ಆ ತಲೆ ಬೇರೆ ದಿಕ್ಕಿಗೆ ಆಡುತ್ತಿತ್ತು, ಅಷ್ಟೇ.

ಸೊಪ್ಪು ಮಾರಿದ ಮಾರನೇ ದಿನ ತಾತ, ಅಪ್ಪ, ಅಪ್ಪನ ಬೆರಳು ಹಿಡಿದುಕೊಂಡು ನಾನು, ಹುಣಸೂರಿಗೆ ಹೋದೆವು. ಅಂಗಡಿಯಲ್ಲಿ ಎರಡು ಟಿವಿ ಹಚ್ಚಿ ತೋರಿಸಿದರು. ಒಂದು ದೊಡ್ಡದು. ಅದರಲ್ಲಿ ಮನುಷ್ಯರು ಮನುಷ್ಯರ ಹಾಗೆ, ಮರಗಳು ಮರಗಳ ಹಾಗೆ ಕಾಣುತ್ತಿದ್ದವು. ಇನ್ನೊಂದು ಚಿಕ್ಕದು. ತಾತ ಎರಡನ್ನೂ ಹಿಂದೆ ಮುಂದೆ ಸುತ್ತಿ ಬಂದು, “ಈಚ್ಗೆ ತಕಬಾ, ಬಿಸ್ಲಲ್ಲಿ ನೋಡ್ಬೇಕು” ಎಂದ. ಅಂಗಡಿಯವನು ತಮಾಷೆ ಎಂದುಕೊಂಡು ನಕ್ಕ. “ಯಜಮಾನ್ರೇ, ಟಿವಿನ ಯಾರಾದ್ರೂ ಬಿಸ್ಲಲ್ಲಿ ನೋಡ್ತಾರೇನ್ರೀ?” ತಾತ ನಗಲಿಲ್ಲ. “ಲೈಟಿನ ಬೆಳಕಲ್ಲಿ ಕಂದ್ಸೊಪ್ಪೂ ಚೆಂದಾಗೇ ಕಾಣ್ತದೆ ಕಣಪ್ಪ. ನಂಗೇ ಹೇಳ್ಕೊಡ್ತೀಯಾ?” ಕೊನೆಗೆ ಉದ್ದ ವೈರು ಎಳೆದು, ಇಬ್ಬರು ಹೊತ್ತುಕೊಂಡು, ಎರಡು ಟಿವಿಯನ್ನೂ ಅಂಗಡಿಯ ಮೆಟ್ಟಿಲ ಮೇಲೆ, ಹುಣಸೂರಿನ ಹಾಡುಹಗಲ ಬಿಸಿಲಿಗೆ ತಂದಿಟ್ಟರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಮುತ್ತಿಕೊಂಡರು. ಬಿಸಿಲಿಗೆ ದೊಡ್ಡ ಟಿವಿ ಕಪ್ಪಿಟ್ಟುಹೋಯಿತು. ಅದರ ಗಾಜಿನಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದವು. ಚಿಕ್ಕದರ ಬಣ್ಣವನ್ನು ಅಂಗಡಿಯವನು ಗಿರಾಕಿಗಳಿಗಾಗಿ ಪೂರ್ತಿ ಏರಿಸಿಟ್ಟಿದ್ದನೆಂದು ಕಾಣುತ್ತದೆ, ಅದರಲ್ಲಿ ಕುಣಿಯುತ್ತಿದ್ದವರ ಬಟ್ಟೆ, ಮುಖ, ಹಿಂದಿನ ಗುಡ್ಡ, ಎಲ್ಲವೂ ಅಷ್ಟು ಬಿಸಿಲಲ್ಲೂ ಅರಿಶಿನ ಬಳಿದ ಹಾಗಿತ್ತು. ತಾತ ತಲೆ ವಾಲಿಸಿ ಒಂದು ಕಣ್ಣು ಕಿರಿದು ಮಾಡಿದ. ನನಗೆ ಆಗಲೇ ಗೊತ್ತಾಯಿತು. “ಬಣ್ಣ ಅಂದ್ರೆ ಇದು ಕಣ್ಲಾ” ಎಂದು ಅಪ್ಪನ ಕಡೆ ತಿರುಗಿದ. “ಅದೆಂತದು, ಮಳೇಗೆ ಸಿಕ್ಕಿದ್ ಸೊಪ್ಪಂಗೆ ಕಪ್ಪಿಟ್ಟದೆ.” ಅಪ್ಪ ಗಂಟಲು ಸರಿಮಾಡಿಕೊಂಡು, “ಅಲ್ಲ ಅಪ್ಪಾ, ಸ್ವಲ್ಪ ದೊಡ್ಡದಾಗಿದ್ರೆ... ಒಳ್ಗಡೆ ಎಂಗಸ್ರಿಗೂ ಕಾಣೋದು” ಎಂದ. ತಾತ ಅವನ ಮುಖವನ್ನೂ ನೋಡದೆ ಹೇಳಿದ. “ಎಂಗಸ್ರು ಕೇಳುಸ್ಕಂಡ್ರೆ ಸಾಕು, ಬುಡು.” ಅಲ್ಲಿಗೆ ಅಪ್ಪನ ಪೌರುಷ ಮುಗಿಯಿತು. ಸುತ್ತ ನಿಂತಿದ್ದ ಗಂಡಸರು ‘ಯಜಮಾನ್ರ ಕಣ್ಣು ಕಣ್ಣು’ ಎಂದು ತಲೆದೂಗಿದರು. ಆ ಮಾತನ್ನೂ ಆ ತಲೆಗಳನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೀಗೆ ನಮ್ಮ ಮನೆಗೆ ಆ ಹಳದಿ ಬಂತು. ಅದರಲ್ಲಿ ಮಂತ್ರಿಗಳು ಹಳದಿ, ಕ್ರಿಕೆಟ್ ಆಡುವವರು ಹಳದಿ, ಹಿಮಾಲಯದ ಹಿಮವೂ ಹಳದಿ. ಅಂಟೆನಾ ಕೂರಿಸಲು ಬಂದ ಹುಡುಗ ಬಣ್ಣ ಇಳಿಸಿ ಸರಿಮಾಡಲು ಹೋದಾಗ ತಾತ ಅವನ ಕೈಮೇಲೆ ಹೊಡೆಯುವುದೊಂದು ಬಾಕಿ. ಆಮೇಲೆ ಆ ಬಣ್ಣದ ತಿರುಗಣೆಯನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಸಂಜೆ ಊರಿನ ಅರ್ಧ ಗಂಡಸರು ಪಡಸಾಲೆಯಲ್ಲಿ ಕೂತು ಬೀಡಿ ಎಳೆಯುತ್ತ, ಏನು ನಡೆಯುತ್ತಿದೆಯೆಂದು ಒಂದಿಷ್ಟೂ ತಿಳಿಯದೆ, ಬಣ್ಣವನ್ನು ಹೊಗಳುತ್ತಿದ್ದರು. ತೊಟ್ಟಿಯಾಚೆ ಬಾಗಿಲಲ್ಲಿ ಅವ್ವ, ದೊಡ್ಡಮ್ಮ. ನಾನೊಮ್ಮೆ ಅಲ್ಲಿಗೆ ಹೋಗಿ ಅವರ ನಡುವೆ ನಿಂತು ನೋಡಿದೆ. ಗಂಡಸರ ತಲೆಗಳ ಸಂದಿಯಲ್ಲಿ ಹಪ್ಪಳದಷ್ಟು ಅಗಲದ ಒಂದು ಹಳದಿ ಮಿಣುಕುತ್ತಿತ್ತು, ಅಷ್ಟೇ. ಅದರಲ್ಲಿ ಯಾರು ಗಂಡು, ಯಾರು ಹೆಣ್ಣು ಎಂದು ಹೇಳುವುದು ದೇವರಿಗೂ ಆಗುತ್ತಿರಲಿಲ್ಲ.

ಆದರೆ ಅವರು ಬಾಗಿಲು ಬಿಡಲಿಲ್ಲ. ಒಬ್ಬಳು ಮುದ್ದೆ ತಿರುವಿ ಬರುವಷ್ಟರಲ್ಲಿ ಇನ್ನೊಬ್ಬಳು ಅಲ್ಲಿ ನಿಂತಿರುತ್ತಿದ್ದಳು. ತೇಲಿಬರುವ ಅಷ್ಟಿಷ್ಟು ಮಾತು, ಆ ಹಳದಿಯ ಅಲುಗಾಟ, ಇಷ್ಟರಲ್ಲೇ ಇಬ್ಬರೂ ಸೇರಿ ಕತೆ ಕಟ್ಟುತ್ತಿದ್ದರು. “ಈಗ ಅತ್ತೆ ಬಂದ್ಲು ನೋಡಕ್ಕ” ಎನ್ನುವಳು ಅವ್ವ. “ಅತ್ತೆ ಅಲ್ಲ ಕಣೇ ಜಯಾ, ನಡ್ಗೆ ನೋಡು, ನಾದ್ನಿ ಅವ್ಳು.” ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ಕೆಲವು ಸಂಜೆ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ಧಾರಾವಾಹಿಯಲ್ಲಿ ಬಡವರ ಮನೆ ಕಿತ್ತುಕೊಳ್ಳುವ ಸಾಹುಕಾರನೊಬ್ಬನಿದ್ದ. ಅವನ ದನಿ ಮೆತ್ತಗಿದ್ದದ್ದರಿಂದ ಇವರು ಅವನನ್ನು ಆ ಹುಡುಗಿಯ ಅಪ್ಪನೆಂದು ತಿಳಿದು ತಿಂಗಳುಗಟ್ಟಲೆ ಮರುಗಿದರು. ಮುಂದೆ ಕೂತು ಎಲ್ಲ ನೋಡುತ್ತಿದ್ದ ನಾನು ನಿಜ ಹೇಳಲು ಹೋದರೆ ದೊಡ್ಡಮ್ಮ ಬಿಡಲಿಲ್ಲ. “ಸುಮ್ಕಿರು, ನಿಂಗೊತ್ತಿಲ್ಲ. ಒಳ್ಳೇನು ಅವ್ನು.” ನನ್ನಿಂದ ಅವರಿಗೆ ಬೇಕಿದ್ದದ್ದು ಸೀರೆಯ ಅಂಚು ಎಂಥದ್ದು, ಜಡೆಗೆ ಯಾವ ಹೂವು ಎಂಬ ವಿವರ ಮಾತ್ರ. ಅವರು ಕಟ್ಟಿದ ಕತೆ ಪಡಸಾಲೆಯಲ್ಲಿ ಓಡುತ್ತಿದ್ದ ಕತೆಗಿಂತ ಎಷ್ಟೋ ಚೆನ್ನಾಗಿತ್ತು ಎಂದು ಇವತ್ತು ನನಗೆ ಗೊತ್ತು. ಅವತ್ತು ನನಗೆ ಗೊತ್ತಿದ್ದದ್ದು ಒಂದೇ, ಅವ್ವನಿಗೆ ಕಾಣುವುದಿಲ್ಲ ಎಂದು. ಧಾರಾವಾಹಿ ಮುಗಿದ ಮೇಲೆ ಕಣ್ಣುಜ್ಜಿಕೊಳ್ಳುತ್ತ, “ಒಂದಿನ ಸರ್ಯಾಗಿ ನೋಡ್ಬೇಕು ಕಣಕ್ಕ” ಎನ್ನುತ್ತಿದ್ದಳು.

ತಾತ ಹೋದ. ಮನೆ ಭಾಗವಾಯಿತು. ತೊಟ್ಟಿಮನೆಯ ನಡುವೆ ಗೋಡೆ ಎಬ್ಬಿಸಿದರು, ಆಮೇಲೆ ಮನೆಯನ್ನೇ ಕೆಡವಿ ಅಪ್ಪ, ದೊಡ್ಡಪ್ಪ ಇಬ್ಬರೂ ಮಾರಿಕೊಂಡರು. ಕಂಬಗಳನ್ನು ಯಾವುದೋ ರೆಸಾರ್ಟಿನವರು ಒಯ್ದರಂತೆ. ಈಗ ಅವುಗಳ ಕೆಳಗೆ ಊರವರಲ್ಲದವರು ಕೂತು ರಾಗಿಮುದ್ದೆಯ ಫೋಟೋ ತೆಗೆದುಕೊಳ್ಳುತ್ತಿರಬಹುದು. ದೊಡ್ಡಮ್ಮ ಮಗನ ಜೊತೆ ಪಿರಿಯಾಪಟ್ಟಣಕ್ಕೆ ಹೋದಳು, ಅವ್ವ ನನ್ನ ತಮ್ಮನ ಜೊತೆ ಕೃಷ್ಣರಾಜನಗರಕ್ಕೆ. ಬಸ್ಸು ಹತ್ತಿದರೆ ಮುಗಿಯುವ ದಾರಿ. ಆದರೂ ಒಬ್ಬರನ್ನೊಬ್ಬರು ನೋಡಬೇಕಾದರೆ ಯಾರದಾದರೂ ಮದುವೆಯೋ ತಿಥಿಯೋ ಆಗಬೇಕಿತ್ತು. ಹೋದ ವರ್ಷ ದೊಡ್ಡಮ್ಮನ ತಿಥಿಗೇ ಅವ್ವ ಹೋಗಿಬಂದಳು.

ಈಗ ನನ್ನ ತಮ್ಮ. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ, ಕೈಯಲ್ಲಿ ಸದಾ ಮೊಬೈಲು. ಅವ್ವನಿಗೆ ಕಣ್ಣಿನ ಆಪರೇಷನ್ ಆದ ಮೇಲೆ, “ಅವ್ವಂಗೆ ಅಂತ್ಲೇ ದೊಡ್ಡ ಟಿವಿ ತತ್ತೀನಿ” ಎಂದು ಹೊರಟ. ಅವ್ವನನ್ನು ಕೇಳಲಿಲ್ಲ, ಕೇಳುವುದು ನಮ್ಮ ಮನೆತನದಲ್ಲಿಲ್ಲ. ನಾನೂ ಜೊತೆಗಿದ್ದೆ. ಅಂಗಡಿಯಲ್ಲಿ ಅವ್ವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನಮ್ಮ ಚಪ್ಪಲಿ ನೋಡುತ್ತಿದ್ದಳು. ಯಾರೋ ಪುಣ್ಯಾತ್ಮ ವಿಡಿಯೋದಲ್ಲಿ ಹೇಳಿದ್ದನ್ನೆಲ್ಲ ತಮ್ಮ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅವನ ಹೆಂಡತಿಗೆ ಟಿವಿಯ ಅಂಚು ಶೋಕೇಸಿಗೆ ಹೊಂದಬೇಕು, ಒಳಗೆ ಏನು ಬಂದರೂ ಸರಿ. ಟೈ ಕಟ್ಟಿದ್ದ ಹುಡುಗ, “ಸರ್, ಇದ್ರ ಕಪ್ಪು ನೋಡಿ ಸರ್, ಎಂಥಾ ಕಪ್ಪು” ಎಂದು ಅವರನ್ನು ಪರದೆ ಎಳೆದ ಕತ್ತಲೆ ಕೋಣೆಗೆ ಕರೆದುಕೊಂಡು ಹೋದ. ತಾತ ಹಳದಿ ನೋಡಲು ಟಿವಿಯನ್ನು ಬಿಸಿಲಿಗೆ ಹೊರಿಸಿದ್ದ, ಮೊಮ್ಮಗ ಕಪ್ಪು ನೋಡಲು ಕತ್ತಲೆಗೆ ನುಗ್ಗಿದ. ಈ ವಂಶಕ್ಕೆ ಇಷ್ಟು ವರ್ಷದಲ್ಲಿ ಬಂದ ಬುದ್ಧಿ ಇಷ್ಟೇ. ಒಳಗಿನಿಂದ ತಮ್ಮನ ದನಿ ಕೇಳುತ್ತಿತ್ತು, “ಸೂಪರ್ ಬ್ಲ್ಯಾಕ್ ಕಣ್ರೀ.” ತಲೆ ವಾಲಿಸಿರುತ್ತಾನೆ ಎಂದುಕೊಂಡೆ. ಹೋಗಿ ನೋಡಿದರೆ ವಾಲಿಸಿಯೇ ಇದ್ದ.

ಡಬ್ಬ ಬಿಚ್ಚಿದ್ದಾಯಿತು, ಗೋಡೆಗೆ ಹೊಡೆದದ್ದಾಯಿತು. ಅರ್ಧ ಗೋಡೆ ಅದೇ. ಸಂಜೆ ಅವ್ವನನ್ನು ಎದುರಿನ ಸೋಫಾದಲ್ಲಿ, ಸರಿಯಾಗಿ ನಟ್ಟನಡುವೆ ಕೂರಿಸಿದರು. ಧಾರಾವಾಹಿ ಬಂತು. ಹುಡುಗಿಯ ಸೀರೆಯ ನೂಲು, ರೆಪ್ಪೆಯ ಕಾಡಿಗೆ, ಅತ್ತೆಯ ಮೂಗುಬೊಟ್ಟಿನ ಹರಳು, ಎಲ್ಲ ಎದ್ದು ಕಾಣುತ್ತಿದ್ದವು. “ಹೆಂಗವ್ವ ಪಿಕ್ಚರು?” ಎಂದ ತಮ್ಮ. “ಬೋ ಚೆಂದಾಗದೆ ಕಣ್ಮಗ” ಎಂದಳು ಅವ್ವ. ಅವನು ಗೆದ್ದವನ ಹಾಗೆ ಎದ್ದು ಹೊರಗೆ ಹೋದ. ಅವ್ವ ತೊಡೆಯ ಮೇಲೆ ಕೈಯಿಟ್ಟುಕೊಂಡು, ಕದಲದೆ ನೋಡಿದಳು. ನಡುವೆ ಕತೆಯಲ್ಲಿ ಏನೋ ತಿರುವು ಬಂತು. ಅವ್ವ ಏನೋ ಹೇಳಲು ಬಾಯಿ ತೆರೆದು ಥಟ್ಟನೆ ಎಡಕ್ಕೆ ತಿರುಗಿದಳು. ಅಲ್ಲಿ ಸೋಫಾದ ಕೈ, ಅದರ ಮೇಲೆ ರಿಮೋಟು. ಬಾಯಿ ಮುಚ್ಚಿಕೊಂಡು ಮತ್ತೆ ಮುಂದೆ ನೋಡಿದಳು. ನನಗೆ ತಡೆಯಲಾಗಲಿಲ್ಲ, ಹೋಗಿ ಆ ಎಡಪಕ್ಕದಲ್ಲಿ ಕೂತೆ.

“ಕಾಣ್ತದಾ ಅವ್ವ?”

“ಕಾಣ್ತದೆ ಕಣವ್ವ, ಒಂದೊಂದು ಕೂದ್ಲೂ ಕಾಣ್ತದೆ” ಎಂದಳು. ಟಿವಿಯಿಂದ ಕಣ್ಣು ತೆಗೆಯದೆ ಮತ್ತೆ ಹೇಳಿದಳು. “ಅಕ್ಕ ಹೋದ್ಮೇಲೆ ಬಂತು.”

ಎದುರಿಗೆ ಎಲ್ಲವೂ ತಾನಾಗಿಯೇ ಕಾಣುತ್ತಿತ್ತು, ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ಧಾರಾವಾಹಿ ಮುಗಿಯುವವರೆಗೂ ನಾವಿಬ್ಬರೂ ಸುಮ್ಮನೆ ನೋಡುತ್ತ ಕೂತೆವು.