ಹಿಂದಿನ ಸೀಟಿನ ಕಾಕಾ

ಎಪ್ಪತ್ತರ ದಶಕದಲ್ಲಿ ಶಲವಡಿಯ ನಮ್ಮ ಬಾಜೂಮನಿ ಕಾಕಾ ಚಕ್ಕಡಿಯಲ್ಲಿ ಹಿಮ್ಮುಖವಾಗಿಯೇ ಕೂಡುತ್ತಿದ್ದರು. ಮಹಾಯುದ್ಧದಲ್ಲಿ ಅವರು ನೌಕಾದಳದ ವಿಮಾನದ ಹಿಂದಿನ ಸೀಟಿನಲ್ಲಿ ಹಾಗೆಯೇ ಕೂತು ಶತ್ರುಹಡಗು ಹುಡುಕುತ್ತಿದ್ದರಂತೆ. ಗಾಲಿಯ ಬದಲು ದೋಣಿ ಕಟ್ಟಿದ್ದ ಆ ವಿಮಾನ ನೀರಿನ ಮೇಲೇ ಇಳಿಯುತ್ತಿತ್ತಂತೆ. ವೈರಿಗೆ ಕೇಳಿಸೀತೆಂದು ಹಾರುವಾಗ ವೈರ್‌ಲೆಸ್ಸಿನಲ್ಲಿ ಮಾತಾಡುವ ಹಾಗಿರಲಿಲ್ಲ. ಊರಲ್ಲೂ ಯಾರು ಏನು ಕೇಳಿದರೂ ಕಾಕಾ, “ರಿಪೋರ್ಟ್ ಇಳದ ಮ್ಯಾಲ” ಅನ್ನುತ್ತಿದ್ದರು.

ಒಮ್ಮೆ ಕಾಕಾರ ಜೋಡಿ ಯಮನೂರ ದರ್ಗಾದಲ್ಲಿ ಹರಕೆಯ ಸಕ್ಕರೆ ಓದಿಸಲು ಹೊರಟಾಗ, ಗಾಡಿ ಹೊಡೆಯುತ್ತಿದ್ದ ನಾನು ತೂಕಡಿಸಿದೆ. ನೀರಡಿಸಿದ ಎತ್ತುಗಳು ಚಕ್ಕಡಿ ಸಮೇತ ಹಳ್ಳಕ್ಕಿಳಿದವು. ಸಕ್ಕರೆ ಗಂಟು ಕರಗಿಹೋಯಿತು. ಸೊಂಟಮಟ ನೀರಿನಲ್ಲಿ ನಿಂತ ಕಾಕಾ ಟೋಪಿ ಸರಿಮಾಡಿಕೊಂಡು, “ಹಿಂದ ಆ ಬನ್ನಿಗಿಡದ ಹತ್ರನ ಗಾಡಿ ದಾರಿ ಬಿಟ್ಟಿತ್ತು” ಎಂದರು.

“ಆವಾಗ್ಲೇ ಹೇಳಬಾರದೇನ್ರಿ, ಕಾಕಾ?”

“ಇಳದದ್ದು ಈಗಲ್ಲೇನೋ, ತಮ್ಮಾ?”